ಅಪ್ಪನ ಕೈಯಿಂದ ಇಸಿದುಕೊಂಡ ಫೋನು

ಬುಗುರಿ ಕೆಲಸ ಮಾಡುವುದು ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ, ಬಾಗಿಲ ಪಕ್ಕದ ಮೇಜಿನಲ್ಲಿ. ಕೆನ್ನೆ ಹಿಡಿದುಕೊಂಡು ಬಂದವರನ್ನು ಸಮಾಧಾನ ಮಾಡಿ ಕೂರಿಸುವುದರಲ್ಲಿ ಅವಳಷ್ಟು ತಾಳ್ಮೆಯವರು ಇನ್ನೊಬ್ಬರಿಲ್ಲ ಎಂದು ವೈದ್ಯರೇ ನಾಲ್ಕು ಜನರೆದುರು ಹೇಳುತ್ತಾರೆ. ಎಂಟು ವರ್ಷದ ಮಗಳ ತಾಯಿ ಅವಳು. ಆದರೂ ಅಪ್ಪನ ಬಾಯಲ್ಲಿ ಇನ್ನೂ ಬುಗುರಿಯೇ. ಚಿಕ್ಕವಳಿದ್ದಾಗ ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಿದ್ದಳಂತೆ. ಹೆಸರು ಹಾಗೇ ಅಂಟಿಕೊಂಡುಬಿಟ್ಟಿತು.

ಅಪ್ಪ ರೋಲಿಂಗ್ ಶಟರ್ ಮಾಡುವ ಶೆಡ್ಡಿನಲ್ಲಿ ಆಯುಷ್ಯ ಸವೆಸಿದವನು. ದಿನವಿಡೀ ತಗಡು ಬಡಿಯುವ ಸದ್ದು ಅವನ ಕಿವಿಯನ್ನು ಚೂರುಚೂರೇ ತಿನ್ನುತ್ತ ಬಂದು, ಕೆಲಸ ಬಿಡುವ ಹೊತ್ತಿಗೆ ಪೂರ್ತಿ ನುಂಗಿ ಹಾಕಿತು. ಕಿವಿಗೆ ಹಾಕುವ ಯಂತ್ರದಿಂದಲೂ ಪ್ರಯೋಜನವಾಗಲಿಲ್ಲ. ಮಗಳ ಮನೆಗೆ ಬಂದ ಹೊಸದರಲ್ಲಿ ಯಾರು ಏನಂದರೂ ತಲೆಯಾಡಿಸಿ ನಗುವುದು, ಅರ್ಧ ಊಟಕ್ಕೇ ಎದ್ದು ಒಳಗೆ ಹೋಗುವುದು, ಇಷ್ಟೇ ಆಗಿತ್ತು. ಆಮೇಲೆ ಅಳಿಯ ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಎದುರಿನವರು ಆಡಿದ ಮಾತು ಅದರಲ್ಲಿ ಅಕ್ಷರವಾಗಿ ಮೂಡುತ್ತಿತ್ತು. ಮೊದಲ ದಿನ ಮೊಮ್ಮಗಳು ಚಿಟ್ಟು ಅದರ ಮುಂದೆ "ತಾತ, ನಿಂಗೆ ಗೊರಕೆ ಜಾಸ್ತಿ" ಅಂದಳು. ಅದನ್ನು ಓದಿದ ಅಪ್ಪ ಕಣ್ಣಲ್ಲಿ ನೀರು ಬರುವ ತನಕ ನಕ್ಕ.

ಅಂದಿನಿಂದ ಆ ಫೋನೇ ಅವನ ಕಿವಿ. ಆದರೆ ಆ್ಯಪ್ ಚಾರ್ಜನ್ನು ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಹಾಗಾಗಿ ಅಪ್ಪ ಜಿಪುಣನಾದ. ತೆರೆಯ ಬೆಳಕು ಕಮ್ಮಿ ಮಾಡಿಟ್ಟುಕೊಳ್ಳುತ್ತಿದ್ದ, ಮಾತು ಮುಗಿದ ಕೂಡಲೇ ಆ್ಯಪ್ ಮುಚ್ಚುತ್ತಿದ್ದ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೇಲೆ ಪ್ಲಗ್ ಎಲ್ಲಿದೆ ಎಂದು ನೋಡಿ, ಅದರ ಪಕ್ಕದ ಕುರ್ಚಿಯನ್ನೇ ಹಿಡಿಯುತ್ತಿದ್ದ.

ಗಂಡನ ಅಕ್ಕ ಊರಿಂದ ಬಂದವರು ಎಲ್ಲರನ್ನೂ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದಾಗ ಚಿಟ್ಟು ಮಂಚದ ಮೇಲೆ ಹತ್ತಿ ಕುಣಿದಳು. ಗಂಡನಿಗೆ ರಜೆ ಸಿಗಲಿಲ್ಲ. ಬುಗುರಿಗೆ ಮಾತ್ರ ಒಳಗೊಳಗೇ ಪುಕುಪುಕು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಅತ್ತಿಗೆಯ ಮುಂದೆ ಅವಳಿಗೆ ಉಸಿರು ಬಿಗಿ. ಅತ್ತಿಗೆ ಯಾವತ್ತೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಇಸ್ತ್ರಿ ಕೆಡದ ಬಟ್ಟೆ, ಅಳೆದು ತೂಗಿದ ಮಾತು, ಅಡುಗೆಮನೆಗೆ ಬಂದರೆ ಒಮ್ಮೆ ಸುತ್ತ ಹಾಯುವ ಕಣ್ಣು. ಅಷ್ಟು ಸಾಕಿತ್ತು.

ಹಿಂದಿನ ದಿನ ಅಪ್ಪ ಪವರ್ ಬ್ಯಾಂಕ್ ತಂದು ಅವಳ ಕೈಗೆ ಕೊಟ್ಟಿದ್ದ. "ಇದನ್ನೂ ಚಾರ್ಜಿಗೆ ಹಾಕು ಬುಗುರಿ. ಇಡೀ ದಿನ ಹೊರಗಿರ್ಬೇಕು."

ಅವಳು ಹಾಕಿದಳು. ಗೋಡೆಯ ಸ್ವಿಚ್ ಒತ್ತುವುದನ್ನು ಮರೆತಳು. ಬೆಳಿಗ್ಗೆ ನೋಡಿದರೆ ಪವರ್ ಬ್ಯಾಂಕಿನಲ್ಲಿ ಒಂದು ದೀಪವೂ ಇಲ್ಲ. ಅಪ್ಪ ಕೇಳಿದಾಗ ಹೆಬ್ಬೆರಳೆತ್ತಿ ಆಯಿತು ಎಂದು ಸನ್ನೆ ಮಾಡಿ, ಅದನ್ನು ಡ್ರಾಯರಿನೊಳಗೆ ತಳ್ಳಿದಳು. ಹೊರಡುವ ಗಡಿಬಿಡಿಯಲ್ಲಿ ಅದೊಂದು ದೊಡ್ಡ ಸುಳ್ಳು ಅನ್ನಿಸಲಿಲ್ಲ.

ಪಾರ್ಕಿನ ಬಾಗಿಲಲ್ಲಿ ಹನುಮಂತನ ಬಾಲದಂಥ ಸಾಲು. ಬಿಸಿಲು ಆಗಲೇ ನೆತ್ತಿಗೆ ಬಡಿಯುತ್ತಿತ್ತು. ಅಪ್ಪ ಖುಷಿಯಲ್ಲಿದ್ದ. ಟಿಕೆಟ್ ಕಿಟಕಿಯ ಶಟರ್ ನೋಡಿ "ಪಟ್ಟಿ ಸರಿಯಾಗಿ ಕೂತಿಲ್ಲ, ಗಾಳಿಗೆ ಬಡ್ಕೊಳ್ಳುತ್ತೆ" ಎಂದು ಜೋರಾಗಿ ಹೇಳಿದ. ಕಿವಿ ಕೇಳದವನ ದನಿಗೆ ಅಳತೆ ಎಲ್ಲಿಂದ ಬರಬೇಕು? ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಅವನು ಫೋನನ್ನು ಅತ್ತಿಗೆಯ ಗಲ್ಲದ ಕೆಳಗೆ ಹಿಡಿದು, "ಮನೆಯವರು ಹೇಗಿದ್ದಾರಮ್ಮ?" ಎಂದು ಕೇಳಿದ.

ಅತ್ತಿಗೆ ಸ್ವಲ್ಪ ಹಿಂದೆ ಸರಿದು, ಬಿಡಿಸಿ ಬಿಡಿಸಿ ಹೇಳಿದರು. "ಚೆನ್ನಾಗಿದ್ದಾರೆ. ಅವರಿಗೆ ಪ್ರಮೋಷನ್ ಆಯ್ತು. ಈಗ ಇಡೀ ಶಾಖೆಗೆ ಅವರೇ ಮುಖ್ಯರು."

ಅಪ್ಪ ತೆರೆ ನೋಡಿದ. ಹುಬ್ಬು ಮೇಲೇರಿತು. "ಇಡೀ ಶಾಖೆಗೆ ಅವರೇ ಮೂರ್ಖರು!" ಎಂದು ಗಟ್ಟಿಯಾಗಿ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಮೂರ್ಖರಂತೆ ಬುಗುರಿ! ಇದಕ್ಕೂ ನನ್ನ ಹಾಗೇ ಕಿವಿ ಹೋಗಿದೆ!"

ಸಾಲಿನಲ್ಲಿ ಇಬ್ಬರು ಮೂವರು ಕಿಸಕ್ಕೆಂದರು. ಚಿಟ್ಟು ನಕ್ಕಳು. ಅತ್ತಿಗೆ ತುಟಿ ಬಿಗಿಹಿಡಿದು ಬೇರೆ ಕಡೆ ಮುಖ ತಿರುಗಿಸಿದರು. ಅವರು ನಗು ತಡೆದುಕೊಂಡರೋ ಸಿಟ್ಟು ತಡೆದುಕೊಂಡರೋ ಎಂದು ಬುಗುರಿ ನೋಡಲಿಲ್ಲ. ಸಿಟ್ಟೇ ಎಂದು ತೀರ್ಮಾನ ಮಾಡಿಬಿಟ್ಟಳು. ಕುತ್ತಿಗೆಯಿಂದ ಹಣೆಯವರೆಗೆ ಅವಳಿಗೆ ಬಿಸಿಯೇರಿತು.

ಅಲ್ಲಿಂದ ಮುಂದೆ ಅವಳಿಗೆ ಆಟದ ಮೇಲೆ ಗಮನವಿಲ್ಲ. ಅಪ್ಪನ ಕೈ ಜೇಬಿಗೆ ಹೋದರೆ ಸಾಕು, ಓರೆಗಣ್ಣಲ್ಲಿ ಅತ್ತಿಗೆಯ ಮುಖ ನೋಡುತ್ತಿದ್ದಳು. ಅವನು ನೀರಿನ ದೋಣಿ ನಡೆಸುವವನ ಬಾಯಿಗೆ ಫೋನ್ ಹಿಡಿದ, ಬಲೂನಿನವಳ ಬಾಯಿಗೆ ಹಿಡಿದ, ಅತ್ತಿಗೆಯ ಮುಂದೆ ಮತ್ತೆ ಹಿಡಿದ. ಅವನಿಗೆ ಎಲ್ಲವೂ ಬೇಕಿತ್ತು. ಯಾವ ಆಟ ಎಷ್ಟು ಎತ್ತರ, ಯಾರು ಏಕೆ ಕಿರುಚಿದರು, ಮೈಕಿನಲ್ಲಿ ಏನು ಹೇಳಿದರು. ಬುಗುರಿಯೋ ಸುಮ್ಮನೆ ತನ್ನ ಫೋನಿನಲ್ಲಿ ಮಗಳ ವಿಡಿಯೋ ತೆಗೆಯುತ್ತಾ ಹೋದಳು. ಹಾಗೆ ತೆಗೆಯುತ್ತಿದ್ದರೆ ಅಪ್ಪನ ಕಡೆ ನೋಡದೇ ಇರಬಹುದಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಫೋನು ಕೆಂಪು ಗೆರೆ ತೋರಿಸಿ ಆರಿಹೋಯಿತು.

ಊಟ ಮುಗಿಸಿ ಮರದ ನೆರಳಿನ ಬೆಂಚಿನ ಹತ್ತಿರ ನಿಂತಿದ್ದರು. ಅತ್ತಿಗೆ ಕೈ ತೊಳೆಯಲು ಹೋಗಿದ್ದರು. ಅಪ್ಪನ ಫೋನಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು. ಬುಗುರಿ ಅವನ ಮುಂದೆ ಕೈ ಚಾಚಿದಳು. ಕ್ಯಾಮೆರಾ ಹಿಡಿದ ಹಾಗೆ ಬೆರಳು ಮಾಡಿ ತೋರಿಸಿದಳು, ಚಿಟ್ಟುವಿನ ಕಡೆ ಕಣ್ಣು ಹೊರಳಿಸಿದಳು.

ಅಪ್ಪ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. "ನನ್ ಫೋನಾ?"

ಅವಳು ತಲೆಯಾಡಿಸಿದಳು.

"ವಿಡಿಯೋ ಬೇಡ, ಬರೀ ಫೋಟೋ ತೆಗಿ. ವಿಡಿಯೋ ಎಲ್ಲಾ ತಿಂದುಬಿಡುತ್ತೆ. ಬೇಗ ಬಂದುಬಿಡಿ," ಎಂದು ಹೇಳಿ, ಅಂಗಿಯ ತುದಿಯಲ್ಲಿ ಗಾಜು ಒರೆಸಿ ಕೊಟ್ಟ. ಬುಗುರಿ ಅವನನ್ನು ಬೆಂಚಿನ ಮೇಲೆ ಕೂರಿಸಿ, ಚೀಲಗಳನ್ನೆಲ್ಲ ಪಕ್ಕದಲ್ಲಿಟ್ಟು, ನೀರಿನ ಬಾಟಲಿ ಕೈಗೆ ಕೊಟ್ಟು, ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿದಂತೆ ಮಾಡಿ ತೋರಿಸಿದಳು. ಇಲ್ಲೇ ಇರು.

ಮಗಳ ಫೋಟೋ ತೆಗೆಯಬೇಕಿತ್ತು, ನಿಜ. ಆದರೆ ಅತ್ತಿಗೆಯ ಬ್ಯಾಗಿನಲ್ಲೂ ಒಂದು ಫೋನ್ ಇತ್ತಲ್ಲ? ಅದನ್ನು ಕೇಳಬಹುದಿತ್ತು. ಆ ವಿಚಾರ ಬಂದ ದಾರಿಯಲ್ಲೇ ಅದನ್ನು ವಾಪಸ್ಸು ಕಳಿಸಿದಳು.

ಆಮೇಲಿನ ಹೊತ್ತು ಹಾಯಾಗಿತ್ತು. ಹೇಳಲು ಸಂಕಟವಾದರೂ ಹೇಳಲೇಬೇಕು, ಬೆಳಗಿನಿಂದ ಮೊದಲ ಸಲ ಅವಳು ಭುಜ ಇಳಿಬಿಟ್ಟು ನಡೆದಳು. ತಿರುಗುವ ಕಪ್ಪಿನಲ್ಲಿ ಕೂತು ಕಿರುಚಿದಳು. ಅತ್ತಿಗೆಯ ಜೊತೆ ನಾಲ್ಕು ಮಾತಾಡಿದಳು. ಅವರೂ ಅವಳ ತೋಳು ಹಿಡಿದು ನಕ್ಕರು. ಅಪ್ಪ ಬೇಡವೆಂದ ವಿಡಿಯೋವನ್ನೂ ತೆಗೆದಳು. ಬೇಗ ಬರುತ್ತೇನೆಂದು ಕೂರಿಸಿ ಬಂದವಳು ಒಂದು ಆಟವಾಯಿತು, ಇನ್ನೊಂದಾಗಲಿ ಎನ್ನುತ್ತಾ ಬಿಸಿಲು ಓರೆಯಾಗುವವರೆಗೂ ಹಿಂದಿರುಗಲಿಲ್ಲ.

ಕೊನೆಗೆ ಜೈಂಟ್ ವೀಲ್. ತೊಟ್ಟಿಲು ಮೇಲೇರಿದಂತೆ ಇಡೀ ಪಾರ್ಕು ಕಾಲ ಕೆಳಗೆ ಹರಡಿಕೊಂಡಿತು. ಅಷ್ಟರಲ್ಲಿ ಎಲ್ಲಾ ಕಂಬಗಳ ಮೈಕೂ ಒಟ್ಟಿಗೆ ಮಾತಾಡಿದವು. ಬೊಂಬೆಗಳ ಮೆರವಣಿಗೆ ಬರುತ್ತಿದೆ, ನಡುದಾರಿಯಲ್ಲಿರುವವರು ದಯವಿಟ್ಟು ಹಗ್ಗದ ಹಿಂದೆ ಹೋಗಿ. ಜನ ನೀರು ಸರಿದಂತೆ ಎರಡೂ ಬದಿಗೆ ಸರಿದರು. ದಾರಿ ಖಾಲಿಯಾಯಿತು. ಹಗ್ಗದ ಒಳಗೆ, ಮರದ ಕೆಳಗಿನ ಬೆಂಚಿನ ಮೇಲೆ, ಚೀಲಗಳ ನಡುವೆ ಒಬ್ಬನೇ ಒಬ್ಬ ಮನುಷ್ಯ ಉಳಿದ.

"ಅಮ್ಮಾ, ತಾತ!" ಎಂದಳು ಚಿಟ್ಟು.

ಸೀಟಿ ಊದುತ್ತ ಒಬ್ಬ ಕಾವಲುಗಾರ ಬೆನ್ನ ಹಿಂದಿನಿಂದ ಬಂದ. ಅಪ್ಪ ತಿರುಗಲಿಲ್ಲ. ಕಾವಲುಗಾರ ಎದುರಿಗೆ ಬಂದು ಕೈ ಬೀಸಿದ. ಅಪ್ಪ ಗಾಬರಿಯಿಂದ ಎದ್ದು ನಿಂತು, ಟಿಕೆಟ್ ಕೇಳುತ್ತಿದ್ದಾನೆ ಎಂದುಕೊಂಡು ಮಣಿಕಟ್ಟಿನ ಪಟ್ಟಿ ತೋರಿಸಿದ. ಇನ್ನೊಬ್ಬ ಕಾವಲುಗಾರ ಓಡಿಬಂದು ತೋಳು ಹಿಡಿದೆಳೆದ. ಅಪ್ಪ ಅಂಗಿಯ ಜೇಬು ತಡಕಿದ, ಪ್ಯಾಂಟಿನ ಜೇಬು ತಡಕಿದ, ಏನೂ ಸಿಗದೆ ಕೈ ಕೆಳಗೆ ಬಿಟ್ಟ. ಆಮೇಲೆ ಬೆಂಚಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡ. ಇಲ್ಲೇ ಇರು ಎಂದು ಮಗಳು ಹೇಳಿದ್ದಳಲ್ಲ. ಅವನು ಏನೋ ಕೂಗುತ್ತಿದ್ದ. ಅಷ್ಟೆತ್ತರಕ್ಕೆ ಮಾತು ಕೇಳಿಸಲಿಲ್ಲ, ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು. ಹಗ್ಗದ ಆಚೆ ಜನ ಫೋನ್ ಎತ್ತಿ ಅವನ ವಿಡಿಯೋ ತೆಗೆಯುತ್ತಿದ್ದರು. ಎಳೆದಾಟದಲ್ಲಿ ಅಪ್ಪ ಮುಗ್ಗರಿಸಿ ಬಿದ್ದ.

ಅತ್ತಿಗೆ ಅವಳ ತೊಡೆ ಅಲುಗಿಸಿದರು. "ಫೋನ್ ಮಾಡು! ನಿಮ್ಮಪ್ಪಂಗೆ ಒಂದು ಮೆಸೇಜಾದ್ರೂ ಹಾಕು!"

ಬುಗುರಿ ಕೈಯಲ್ಲಿದ್ದ ಫೋನ್ ನೋಡಿದಳು. ಅತ್ತಿಗೆಯೂ ನೋಡಿದರು.

"ಇದು ಅವರದ್ದಲ್ವಾ?" ಎಂದರು. "ಮತ್ತೆ ಯಾರಾದ್ರೂ ಮಾತಾಡಿದ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ?"

"ಅಪ್ಪನೇ... ಬೇಡ, ನೀನೇ ಇಟ್ಕೋ ಅಂದ," ಎಂದಳು ಬುಗುರಿ. ಆ ಮಾತು ಮುಗಿಯುವಷ್ಟರಲ್ಲಿ ಫೋನು ಒಮ್ಮೆ ನಡುಗಿ ಕಪ್ಪಾಯಿತು. ವೀಲ್ ನಿಧಾನಕ್ಕೆ, ಒಂದೊಂದೇ ತೊಟ್ಟಿಲು ಇಳಿಸುತ್ತಾ, ನಿಂತು ನಿಂತು ತಿರುಗಿತು. ಕೆಳಗೆ ಬಂದು ಬಾಗಿಲು ತೆರೆಯುವವರೆಗೆ ಅವಳು ಕಂಬಿ ಹಿಡಿದುಕೊಂಡು ಕೂತಿರುವುದರ ಹೊರತು ಇನ್ನೇನೂ ಮಾಡುವಂತಿರಲಿಲ್ಲ.

ಬೆಂಚು ಖಾಲಿ. ನೀರಿನ ಬಾಟಲಿ ಮಾತ್ರ ಕೆಳಗೆ ಉರುಳಿತ್ತು. ಬಲೂನಿನವಳು ಕೈ ತೋರಿಸಿದ ಕಡೆ ಬುಗುರಿ ಓಡಿದಳು. ಬೊಂಬೆಗಳ ಮೆರವಣಿಗೆಗೆ ಅಡ್ಡಬಂದು ಬೈಸಿಕೊಂಡಳು.

ಪ್ರಥಮ ಚಿಕಿತ್ಸೆಯ ಕೋಣೆ ಚಿಕ್ಕದು. ಬಿಳಿ ಹಾಸಿನ ಮಂಚ, ಒಂದು ಬೀರು, ಗೋಡೆಗೆ ಬಡಿದ ಗಡಿಯಾರ, ಮೂಲೆಯಲ್ಲಿ ಇವರ ಚೀಲಗಳು. ಅಪ್ಪ ಮಂಚದ ತುದಿಯಲ್ಲಿ ಕೂತಿದ್ದ. ನರ್ಸಮ್ಮ ಅವನ ಮೊಣಕೈ ತೊಳೆದು ಪಟ್ಟಿ ಸುತ್ತುತ್ತಿದ್ದರು. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು. ಕಾವಲುಗಾರ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ನಿಮ್ಮೋರಾ ಮೇಡಂ? ತಪ್ಪು ತಿಳ್ಕೋಬೇಡಿ," ಎಂದ ಅವನು. "ಎಷ್ಟು ಕೂಗಿದ್ರೂ ಅಲ್ಲಾಡ್ಲಿಲ್ಲ. ಕುಡಿದಿದ್ದಾರೆ ಅಂದ್ಕೊಂಡ್ವಿ. ಮೈಕಿನ ಗದ್ದಲದಲ್ಲಿ ಅವರು ಏನ್ ಹೇಳ್ತಿದ್ರೋ ತಿಳೀಲಿಲ್ಲ, ಕಿವಿ ಕೇಳ್ಸಲ್ಲ ಅಂತ ಗೊತ್ತಾಗಿದ್ದೇ ಇಲ್ಲಿಗೆ ಬಂದ್ಮೇಲೆ."

ನರ್ಸಮ್ಮ ತಲೆಯೆತ್ತದೆ ಹೇಳಿದರು. "ಫೋನಲ್ಲಿ ಓದ್ತಾರಂತೆ. ಅದನ್ನ ಮನೇಲಿ ಮರೆತು ಬಂದುಬಿಟ್ಟೆ ಅಂತಿದ್ದಾರೆ, ಪಾಪ. ಇಂಥೋರನ್ನ ಹೀಗೆ ಒಬ್ಬರನ್ನೇ ಬಿಡಬಾರ್ದಮ್ಮ."

"ಮನೇಲಲ್ಲ," ಎಂದಳು ಚಿಟ್ಟು. "ತಾತನ ಫೋನ್ ಅಮ್ಮನ ಹತ್ರ ಇತ್ತು. ತಾತ ಏನೂ ನೀನೇ ಇಟ್ಕೋ ಅನ್ಲಿಲ್ಲ. ಅಮ್ಮನೇ ಕೇಳಿದ್ಳು."

ಮಗುವಿನ ದನಿಯಲ್ಲಿ ದೂರು ಇರಲಿಲ್ಲ, ತಪ್ಪು ಲೆಕ್ಕ ತಿದ್ದಿದ ಹಾಗೆ ಹೇಳಿತ್ತು ಅಷ್ಟೆ. ಕಾವಲುಗಾರ ತನ್ನ ಟೋಪಿ ನೋಡಿಕೊಂಡ. ನರ್ಸಮ್ಮ ತಲೆಯೆತ್ತಿ ಬುಗುರಿಯನ್ನು ಒಂದು ಸಲ ನೋಡಿ ಮತ್ತೆ ಪಟ್ಟಿಯ ಕಡೆ ಬಾಗಿದರು. ಅತ್ತಿಗೆಯ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ನೆಲ ಬಿರಿದು ಒಳಗೆ ಎಳೆದುಕೊಂಡಿದ್ದರೆ ಚೆನ್ನಾಗಿತ್ತು. ಇವರ್‍ಯಾರಿಗೂ ಇನ್ನೂ ಗೊತ್ತಿಲ್ಲದ ಸಂಗತಿ ಒಂದಿತ್ತು, ಅದು ಅವಳಿಗೆ ಗೊತ್ತಿತ್ತು. ಏನೂ ಕೇಳಿಸದ ಅಪ್ಪ ಮಾತ್ರ ಮಗಳನ್ನು ನೋಡಿ ಮುಗುಳ್ನಕ್ಕು, "ಏನಿಲ್ಲ, ತರಚಿದ್ದಷ್ಟೇ," ಎಂದ.

"ಇಲ್ಲೊಂದು ಚಾರ್ಜರ್ ಇದೆ, ಹಾಕ್ಕೊಳ್ಳಿ," ಎಂದು ನರ್ಸಮ್ಮ ಬೀರುವಿನ ಪಕ್ಕ ತೋರಿಸಿದರು. ಅತ್ತಿಗೆ ಚಿಟ್ಟುವಿನ ಕೈ ಹಿಡಿದುಕೊಂಡು ಹೊರಗೆ ಹೋದರು. ಕಾವಲುಗಾರನೂ ನರ್ಸಮ್ಮನೂ ಒಬ್ಬರ ಹಿಂದೊಬ್ಬರು ಹೋದರು.

ಸತ್ತ ಫೋನು ಎಚ್ಚರವಾಗಲು ಹೊತ್ತು ಹಿಡಿಯಿತು. ಆ ಹೊತ್ತು ಕಳೆಯುವುದೇ ಕಷ್ಟವಾಯಿತು. ಬುಗುರಿ ಅಪ್ಪನ ಪಕ್ಕ ಕೂತು ಅವನ ಅಂಗಿಗೆ ಅಂಟಿದ್ದ ಮಣ್ಣು ಒರೆಸಿದಳು, ಕಿತ್ತುಹೋದ ಗುಂಡಿಯ ಜಾಗಕ್ಕೆ ತನ್ನ ಪಿನ್ನು ಚುಚ್ಚಿದಳು. ಅವನ ಕೈ ಹಿಡಿದುಕೊಳ್ಳೋಣವೆಂದು ಚಾಚಿದ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಯಾವ ಮುಖ ಇಟ್ಟುಕೊಂಡು ಹಿಡಿದುಕೊಳ್ಳಬೇಕು?

ತೆರೆ ಬೆಳಗಿತು. ಅವಳು ಆ್ಯಪ್ ತೆರೆದು, ವೈರು ಎಳೆದಷ್ಟು ದೂರಕ್ಕೆ ಫೋನ್ ತಂದು ಅವನ ಮುಂದೆ ಹಿಡಿದಳು. ಪವರ್ ಬ್ಯಾಂಕಿನ ಸುಳ್ಳಿನಿಂದ ಶುರು ಮಾಡಿದಳು. ಅದು ಸುಲಭವಾಗಿತ್ತು. ಅಪ್ಪ ಓದಿ "ಹೋಗ್ಲಿ ಬಿಡು" ಎಂದ.

"ಫೋಟೋಗೆ ಅಂತ ಅಲ್ಲಪ್ಪ ತಗೊಂಡಿದ್ದು," ಎಂದಳು. ದನಿ ಒಡೆಯಿತು. ಫೋನು ಅಕ್ಷರ ಹುಡುಕುತ್ತ ತಡವರಿಸಿತು. ಮತ್ತೆ, ಕ್ಲಿನಿಕ್ಕಿನಲ್ಲಿ ನೋವಿನವರಿಗೆ ಹೇಳುವಂತೆ ನಿಧಾನವಾಗಿ, ಬಿಡಿಸಿ ಹೇಳಿದಳು. "ಅತ್ತಿಗೆ ಮುಂದೆ ನೀನು ಮಾತಾಡಬಾರ್ದು ಅಂತ ತಗೊಂಡೆ. ನನಗೆ ನಾಚಿಕೆ ಆಗ್ತಿತ್ತು. ಫೋನ್ ಇಲ್ದಿದ್ರೆ ನೀನು ಸುಮ್ನಿರ್ತೀಯ ಅಂತ."

ಅಕ್ಷರಗಳು ಒಂದೊಂದಾಗಿ ಮೂಡಿದವು. ಈ ಸಲ ಒಂದೂ ತಪ್ಪಿರಲಿಲ್ಲ. ಅಪ್ಪ ತುಟಿಯಾಡಿಸುತ್ತಾ ಕೊನೆಯವರೆಗೂ ಓದಿದ. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಗೊತ್ತಿತ್ತು," ಎಂದ. ದನಿ ಅವನಿಗೇ ಗೊತ್ತಿಲ್ಲದೆ ತಗ್ಗಿತ್ತು. "ನೀನು ಕೈ ಚಾಚಿದಾಗ್ಲೇ ಗೊತ್ತಾಯ್ತು. ಕಿವಿ ಹೋದ್ಮೇಲೆ ಮುಖ ನೋಡೋದು ಬಿಟ್ರೆ ನಂಗೆ ಇನ್ನೇನ್ ಕೆಲಸ?"

"ಮತ್ತೆ ಯಾಕಪ್ಪ ಕೊಟ್ಟೆ?"

ಅವನು ಕನ್ನಡಕ ಹಾಕಿಕೊಂಡು ಓದಿದ. "ನೀನು ಕೇಳ್ದೆ, ಕೊಟ್ಟೆ." ಕನ್ನಡಕ ಮತ್ತೆ ತೆಗೆದು, "ಬೇಜಾರಾಗ್ಲಿಲ್ಲ ಅಂತ ಸುಳ್ಳು ಹೇಳಲ್ಲ ಬುಗುರಿ. ಆಯ್ತು. ಬಿದ್ದಿದ್ದಕ್ಕಲ್ಲ," ಎಂದ.

ಅವಳು ಅತ್ತಳು. ಅವನು ಬೈದಿದ್ದರೆ ಎದ್ದು ಕಾಲು ಹಿಡಿಯಬಹುದಿತ್ತು. ಅಪ್ಪ ಬೈಯಲಿಲ್ಲ, ಬೆನ್ನೂ ಸವರಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಕೂತ.

ಹೊರಗೆ ಬಂದು ಅತ್ತಿಗೆಯ ಮುಂದೆ ನಿಂತಳು. ವೀಲಿನ ಮೇಲೆ ಹೇಳಿದ ಸುಳ್ಳನ್ನೂ, ಅದರ ಹಿಂದಿನ ಕಾರಣವನ್ನೂ ಒಂದೇ ಉಸಿರಿಗೆ ಒದರಿದಳು. ಅತ್ತಿಗೆಯ ಕಣ್ಣಂಚು ಕೆಂಪಾಯಿತು.

"ನಾನು ಅಂಥವಳಾಗಿ ಕಂಡ್ನಾ ನಿನಗೆ?" ಎಂದರು. "ಅವರು ಮೂರ್ಖರು ಅಂತ ಓದಿದಾಗ ನಾನು ನಗು ತಡ್ಕೊಳ್ಳೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ? ನಕ್ಕರೆ ನಿಮ್ಮಪ್ಪಂಗೆ ಅವಮಾನ ಆಗುತ್ತೇನೋ ಅಂತ ಮುಖ ತಿರುಗಿಸ್ದೆ."

ಬುಗುರಿ ಒಂದೇ ದಿನದಲ್ಲಿ ಇಬ್ಬರನ್ನು ಕೆಟ್ಟದಾಗಿ ತೂಗಿದ್ದಳು, ಇಬ್ಬರೂ ಅವಳಿಗಿಂತ ಭಾರವಿದ್ದರು.

ಕತ್ತಲಾಗುವ ಮೊದಲೇ ಹೊರಟರು. ಬಸ್ಸಿನಲ್ಲಿ ಅತ್ತಿಗೆ ತಾವಾಗಿಯೇ ಹೋಗಿ ಅಪ್ಪನ ಪಕ್ಕ ಕೂತು, ಮಾತಾಡೋಣವೆಂದು ಕೈಸನ್ನೆ ಮಾಡಿದರು. ಅಪ್ಪ ನಕ್ಕು, ಚಾರ್ಜ್ ಕಮ್ಮಿ ಇದೆ ಎಂದು ಜೇಬು ತಟ್ಟಿ ತೋರಿಸಿ, ಕಿಟಕಿಯ ಕಡೆ ತಿರುಗಿದ. ಪ್ರಥಮ ಚಿಕಿತ್ಸೆಯ ಕೋಣೆಯಿಂದ ಹೊರಡುವಾಗ ಫೋನು ಸಾಕಷ್ಟು ತುಂಬಿದ್ದನ್ನು ಬುಗುರಿ ನೋಡಿದ್ದಳು.

ಮೊಣಕೈ ಒಂದು ವಾರದಲ್ಲಿ ವಾಸಿಯಾಯಿತು. ಮನೆಯಲ್ಲಿ ಅಪ್ಪ ಮೊದಲಿನಂತೆಯೇ ಇದ್ದಾನೆ. ಮೊಮ್ಮಗಳ ಜೊತೆ ಆ್ಯಪ್ ಇಟ್ಟುಕೊಂಡು ಹರಟುತ್ತಾನೆ, ಅಳಿಯನ ಬಾಯಿಗೆ ಫೋನ್ ಹಿಡಿದು ಪೇಟೆಯ ಸುದ್ದಿ ಕೇಳುತ್ತಾನೆ. ಮಗಳ ಮೇಲೆ ಮುನಿಸು ತೋರಿಸಿದ್ದಿಲ್ಲ. ಆದರೆ ಹೊರಗಿನವರು ಯಾರಾದರೂ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವುದು ಕಂಡರೆ, ಮೆಲ್ಲಗೆ ಎದ್ದು, ಫೋನನ್ನು ಜೇಬಿಗೆ ಹಾಕಿಕೊಂಡು ಒಳಗಿನ ಕೋಣೆಗೆ ಹೋಗಿಬಿಡುತ್ತಾನೆ. ಯಾರೂ ಹೇಳದೆಯೇ.

ಬಂದವರಿಗೆ ನೀರು ಕೊಟ್ಟು ಬುಗುರಿ ಒಳಗೆ ಹೋಗುತ್ತಾಳೆ. ಅಪ್ಪನ ಮುಂದೆ ನಿಂತು, ಬಾ ಎಂದು ಕೈ ನೀಡುತ್ತಾಳೆ. ಪ್ರತಿ ಸಲವೂ ಹೋಗುತ್ತಾಳೆ. ಕೆಲವು ಸಲ ಅವನು ಬರುತ್ತಾನೆ.